ಕೀಮೋ ಕೊಟ್ಟರೆ ಹೃದಯ ಕೆಡುತ್ತದೆಯೇ? ಎರಡು ರೋಗಗಳ ಒಳನಂಟು

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ಆರಂಭಿಸಿತು. ಬೆಳಿಗ್ಗೆ ಬಂದು ಸಲೈನ್ ಹಾಕಿಸಿಕೊಂಡು ಸಂಜೆಗೆ ಮನೆ ಸೇರುವ ವ್ಯವಸ್ಥೆ ಅದು. ಕ್ಯಾನ್ಸರ್ ಕುಟುಂಬಗಳು ನಿಟ್ಟುಸಿರು ಬಿಡುವ ಹೊತ್ತಿಗೆ, ಜೂನ್–ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ದಿನಕ್ಕೊಂದರಂತೆ ಬರತೊಡಗಿದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು ವರದಿಯಾದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆ ಕಾಣುತ್ತಿಲ್ಲ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟಿಲ್ಲ ಎಂದು ಹೇಳಿತು. ಮೃತರಲ್ಲಿ ಹಲವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನದಂತಹ ಹಳೆಯ ಕಾರಣಗಳೇ ಇದ್ದವು.

ಆದರೆ ಭಯ ಸಮಿತಿಯ ವರದಿಗೆ ಕಾಯುವುದಿಲ್ಲ. ಹೃದಯದ ಸುದ್ದಿಯೂ ಕ್ಯಾನ್ಸರ್ ಸುದ್ದಿಯೂ ಮೊಬೈಲ್‌ಗಳಲ್ಲಿ ಒಂದರೊಳಗೊಂದು ಬೆರೆತುಹೋದವು. ಕೀಮೋ ಔಷಧಿ ಹೃದಯವನ್ನು ಹಾಳುಮಾಡುತ್ತದೆ ಎಂಬುದು ಒಂದು ಮಾತು. ಬಿಪಿ ಮಾತ್ರೆ ನುಂಗಿದರೆ ಕ್ಯಾನ್ಸರ್ ಬರುತ್ತದೆ ಎಂಬುದು ಇನ್ನೊಂದು. ಹೃದಯಕ್ಕೆ ಕ್ಯಾನ್ಸರ್ ತಗಲುವುದೇ ಇಲ್ಲ, ಆದ್ದರಿಂದ ಎರಡಕ್ಕೂ ಸಂಬಂಧವಿಲ್ಲ ಎಂಬುದು ಮತ್ತೊಂದು. ಪ್ರತಿಯೊಂದರಲ್ಲೂ ಸಾಸಿವೆಯಷ್ಟು ನಿಜವಿದೆ. ಆ ಸಾಸಿವೆಯನ್ನು ಬೇರ್ಪಡಿಸಿ ನೋಡದಿದ್ದರೆ, ಬದುಕಬಹುದಾದ ರೋಗಿ ಹೆದರಿಕೆಯಿಂದ ಚಿಕಿತ್ಸೆ ಬಿಡುತ್ತಾನೆ, ಅಥವಾ ನೋಡಿಕೊಳ್ಳಬೇಕಾದ ಹೃದಯವನ್ನು ಯಾರೂ ನೋಡದೆ ಬಿಡುತ್ತಾರೆ. ಎರಡೂ ಸಾವಿನ ದಾರಿಗಳೇ.

ಎರಡು ಸರದಿ, ಒಬ್ಬನೇ ರೋಗಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿದರೆ ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ಈ ಭಾಗದ ವೈದ್ಯಕೀಯ ಲೋಕದ ದೊಡ್ಡ ಪಾಲು ಕಿಟಕಿಯಾಚೆ ಹಾದುಹೋಗುತ್ತದೆ: ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನಲ್ಲಿ ಎಸ್‌ಡಿಎಂ. ಮುಂಡರಗಿಯ, ರೋಣದ, ಹಿರೇಕೆರೂರಿನ ರೋಗಿಗಳಿಗೆ ದೊಡ್ಡ ಕಾಯಿಲೆ ಎಂದರೆ ಈ ದಾರಿ. ಗದಗ ಮತ್ತು ಹಾವೇರಿಗಳಿಗೆ ಈಗ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೂ ತೊಡಕಿನ ಕೇಸು ಹುಬ್ಬಳ್ಳಿಯ ಕಡೆಗೇ ಮುಖ ಮಾಡುತ್ತದೆ.

ಕ್ಯಾನ್ಸರ್ ಮತ್ತು ಹೃದ್ರೋಗ ಎರಡನ್ನೂ ವೈದ್ಯಕೀಯ ಶಾಸ್ತ್ರ ಬಹುಕಾಲ ಬೇರೆ ಬೇರೆ ಕಟ್ಟಡಗಳಲ್ಲಿ ಇಟ್ಟು ಬೆಳೆಸಿತು. ಬೇರೆ ತಜ್ಞರು, ಬೇರೆ ಫೈಲು, ಬೇರೆ ವಿಮಾ ಪ್ಯಾಕೇಜ್. ಇದು ಜಗತ್ತಿನಾದ್ಯಂತ ನಡೆದದ್ದೇ ಹೊರತು ನಮ್ಮ ಊರಿನ ದೋಷವಲ್ಲ. ಎರಡನ್ನೂ ಒಟ್ಟಿಗೆ ನೋಡುವ ಕಾರ್ಡಿಯೋ ಆಂಕಾಲಜಿ ಎಂಬ ಶಾಖೆ ಬಲಿತದ್ದು ಇತ್ತೀಚೆಗೆ. ಯುರೋಪಿನ ಹೃದ್ರೋಗ ತಜ್ಞರ ಸಂಘ ಈ ವಿಷಯದಲ್ಲಿ ತನ್ನ ಮೊದಲ ಪೂರ್ಣ ಮಾರ್ಗಸೂಚಿ ಹೊರಡಿಸಿದ್ದು 2022ರಲ್ಲಿ.

ಈ ಶಾಖೆ ಹುಟ್ಟಲು ಒಂದು ಒಳ್ಳೆಯ ಸುದ್ದಿಯೇ ಕಾರಣ: ಕ್ಯಾನ್ಸರ್ ಬಂದವರು ಹೆಚ್ಚು ವರ್ಷ ಬದುಕುತ್ತಿದ್ದಾರೆ. ಬದುಕಿದವರಿಗೆ ವಯಸ್ಸಾಗುತ್ತದೆ, ವಯಸ್ಸಾದವರಿಗೆ ಹೃದ್ರೋಗ ಬರುತ್ತದೆ. 1973ರಿಂದ 2012ರವರೆಗಿನ 32 ಲಕ್ಷ ಅಮೆರಿಕನ್ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ 38ರಷ್ಟು ಜನ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದರೆ, ಶೇ 11ರಷ್ಟು ಜನ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಸತ್ತಿದ್ದರು. ಕ್ಯಾನ್ಸರ್ ಗೆದ್ದು ಬಂದವರ ಮನೆಯಲ್ಲಿ ಎರಡನೆಯ ಆಘಾತ ಇದು.

ಒಂದೇ ಬೇರಿನ ಎರಡು ಕೊಂಬೆ

ನಂಟಿನ ಮೊದಲ ಎಳೆ ಅತ್ಯಂತ ಸರಳವಾದದ್ದು: ಎರಡು ರೋಗಗಳಿಗೂ ಹಲವು ಕಾರಣಗಳು ಒಂದೇ. ತಂಬಾಕು ಅವುಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು. ಬೀಡಿಯ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಶ್ವಾಸಕೋಶದ ಜೀವಕೋಶದೊಳಗಿನ ಡಿಎನ್‌ಎಯನ್ನು ಕೆಡಿಸುತ್ತವೆ, ಅದು ಕ್ಯಾನ್ಸರಿನ ದಾರಿ. ಅದೇ ಹೊಗೆ ರಕ್ತನಾಳದ ಒಳಪದರವನ್ನು ಗಾಯಗೊಳಿಸಿ, ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ, ಅದು ಹೃದಯಾಘಾತದ ದಾರಿ. ಬಿಟ್ಟರೆ ಸಿಗುವ ಲಾಭದ ವೇಗ ಮಾತ್ರ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಧೂಮಪಾನ ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವರ ಅಪಾಯದ ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧಕ್ಕಿಳಿಯಲು ಹತ್ತು ವರ್ಷ ಬೇಕು. ಕಾರಣ ಸ್ಪಷ್ಟವಿದೆ. ಗಾಯಗೊಂಡ ರಕ್ತನಾಳ ತಿಂಗಳುಗಳಲ್ಲಿ ಸುಧಾರಿಸಿಕೊಳ್ಳಬಲ್ಲದು, ಕೆಟ್ಟ ಡಿಎನ್‌ಎ ಹೊತ್ತ ಜೀವಕೋಶ ದೇಹದಿಂದ ಅಷ್ಟು ಸುಲಭವಾಗಿ ತೊಲಗುವುದಿಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಸೇದುವುದಕ್ಕಿಂತ ಜಗಿಯುವುದು ದೊಡ್ಡದು. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ 10.7ರಷ್ಟು ಜನ ಸೇದುವವರಾದರೆ, ಶೇ 21.4ರಷ್ಟು ಜನ ಹೊಗೆಯಿಲ್ಲದ ತಂಬಾಕು ಬಳಸುವವರು. ರಾಜ್ಯದಲ್ಲಿ 2013ರಲ್ಲಿ ಗುಟಕಾ ನಿಷೇಧವಾಯಿತು. ಅದರ ಬೆನ್ನಿಗೇ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಮಾರಾಟವಾಗತೊಡಗಿದವು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ನಿಷೇಧಿತ ವಸ್ತುವೇ ತಯಾರು. ಕಾನೂನಿನ ಇಷ್ಟು ದೊಡ್ಡ ಕಿಂಡಿ ವರ್ಷಗಟ್ಟಲೆ ತೆರೆದಿದ್ದುದು ನೋವಿನ ಸಂಗತಿ.

ಎಲೆ–ಅಡಿಕೆಯ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸವಣೂರಿನ ವೀಳ್ಯದೆಲೆಗೆ ಹೆಸರಿದೆ, ಮದುವೆ ಮುಂಜಿಗಳಲ್ಲಿ ಅದಕ್ಕೆ ಮಾನವಿದೆ. ಎಲೆಯ ಮೇಲೆ ಯಾರೂ ಆರೋಪ ಹೊರಿಸಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವುದು ತಂಬಾಕನ್ನು ಮತ್ತು ಅಡಿಕೆಯನ್ನು. ತಂಬಾಕಿಲ್ಲದೆ ಬರೀ ಅಡಿಕೆ ಸೇರಿದ ಕವಳವನ್ನೂ ಅದು ಬಿಟ್ಟಿಲ್ಲ. ದಿನಕ್ಕೆ ಹತ್ತಾರು ಬಾರಿ ದವಡೆಯಲ್ಲಿ ಒತ್ತರಿಸಿಕೊಳ್ಳುವವನಿಗೆ ಬಾಯಿ ತೆರೆಯದಂತಾಗುವ ಕಾಯಿಲೆ ಮೊದಲು ಬರುತ್ತದೆ, ಹಲವರಿಗೆ ಬಾಯಿ ಕ್ಯಾನ್ಸರ್ ಆಮೇಲೆ. ಬೆರೆಸಿದ ತಂಬಾಕಿನ ನಿಕೋಟಿನ್ ಅದೇ ಹೊತ್ತಿಗೆ ರಕ್ತಕ್ಕೆ ಸೇರಿ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಬಾಯಿಯನ್ನು ನೋಡುವ ವೈದ್ಯರು ಬಿಪಿ ನೋಡದಿದ್ದರೆ ಅರ್ಧ ರೋಗ ಕಾಣಿಸುವುದಿಲ್ಲ.

ಮದ್ಯದ ವಿಷಯದಲ್ಲಿ ಒಂದು ಕಾಲಕ್ಕೆ ಎರಡು ವಾದಗಳಿದ್ದವು. ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದು ಎಂಬುದು ಹೃದ್ರೋಗದ ಕಡೆಯ ಹಳೆಯ ಮಾತು. ಸ್ವಲ್ಪ ಕುಡಿದರೂ ಸ್ತನ, ಅನ್ನನಾಳ, ಯಕೃತ್ತಿನ ಕ್ಯಾನ್ಸರ್ ಅಪಾಯ ಏರುತ್ತದೆ ಎಂಬುದು ಕ್ಯಾನ್ಸರ್ ತಜ್ಞರ ಮಾತು. ಹಳೆಯ ಅಧ್ಯಯನಗಳಲ್ಲಿ ಕುಡಿಯದವರ ಗುಂಪಿನೊಳಗೆ ಕಾಯಿಲೆಯಿಂದಾಗಿ ಕುಡಿತ ಬಿಟ್ಟವರೂ ಸೇರಿದ್ದರು, ಹಾಗಾಗಿ ಕುಡಿಯುವವರೇ ಆರೋಗ್ಯವಂತರಂತೆ ಕಂಡರು ಎಂಬ ಆಕ್ಷೇಪ ಬಲವಾದ ಮೇಲೆ ಮೊದಲ ವಾದ ಸೊರಗಿತು. ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಹತ್ತಿ ಕಟ್ಟಿಗೆ ಉರಿಸುವ ಒಲೆಯ ಹೊಗೆ, ಹೊಟ್ಟೆಯ ಸುತ್ತ ಸೇರುವ ಬೊಜ್ಜು, ಸಕ್ಕರೆ ಕಾಯಿಲೆ, ಕುಳಿತೇ ಮಾಡುವ ಕೆಲಸ: ಇವೂ ಎರಡೂ ಪಟ್ಟಿಗಳಲ್ಲಿವೆ. ಎದುರು ಪಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಸೊಪ್ಪು ಇವೆ. ನಾರಿನಂಶ ಹೆಚ್ಚಿರುವ ಊಟ ದೊಡ್ಡಕರುಳಿನ ಕ್ಯಾನ್ಸರನ್ನೂ ಹೃದ್ರೋಗವನ್ನೂ ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ನಮ್ಮ ಅಜ್ಜಿಯರ ಅಡುಗೆಮನೆಯ ಮಟ್ಟಿಗೆ ವಿಜ್ಞಾನ ತಡವಾಗಿ ಬಂದಿದೆ.

ಒಳಗೊಳಗೇ ಹೊಗೆಯಾಡುವ ಉರಿಯೂತ

ಇಷ್ಟು ಬೇರೆ ಬೇರೆ ಅಭ್ಯಾಸಗಳು ಇಷ್ಟು ಬೇರೆ ಬೇರೆ ಅಂಗಗಳನ್ನು ಹೇಗೆ ಕೆಡಿಸುತ್ತವೆ? ಸಂಶೋಧಕರು ಬೆರಳು ತೋರಿಸುವುದು ಉರಿಯೂತದ ಕಡೆಗೆ. ಗಾಯವಾದಾಗ ಕೆಂಪಾಗಿ ಊದಿಕೊಳ್ಳುವುದು ದೇಹದ ರಕ್ಷಣಾ ಕ್ರಮ. ಅದು ನಾಲ್ಕು ದಿನಕ್ಕೆ ಆರಬೇಕು. ಬೊಜ್ಜು, ಹೊಗೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ಕ್ರಮ ಆರದೆ, ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಉಳಿಯುತ್ತದೆ. ರಕ್ತನಾಳದಲ್ಲಿ ಅದು ಕೊಬ್ಬಿನ ಪದರವನ್ನು ಬಿರಿಯುವಂತೆ ಮಾಡುತ್ತದೆ. ಬೇರೆಡೆ ಕೆಟ್ಟ ಜೀವಕೋಶ ಬೆಳೆಯಲು ಹದವಾದ ನೆಲವನ್ನು ಒದಗಿಸುತ್ತದೆ.

2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಪ್ರಯೋಗ ಇದಕ್ಕೆ ಕುತೂಹಲದ ಸಾಕ್ಷಿ. ಮೊದಲೇ ಹೃದಯಾಘಾತವಾಗಿದ್ದ 10,061 ಜನರಲ್ಲಿ ಉರಿಯೂತ ತಗ್ಗಿಸುವ ಚುಚ್ಚುಮದ್ದನ್ನು ಪರೀಕ್ಷಿಸಿದಾಗ, ಮಧ್ಯಮ ಪ್ರಮಾಣ ಪಡೆದವರಲ್ಲಿ ಹೃದಯಾಘಾತದಂತಹ ಘಟನೆಗಳು ಶೇ 15ರಷ್ಟು ಕಡಿಮೆಯಾದವು. ಪ್ರಯೋಗದ ಮುಖ್ಯ ಗುರಿಯಾಗಿರದ ಇನ್ನೊಂದು ಫಲ ಜೊತೆಗೇ ಸಿಕ್ಕಿತು: ಶ್ವಾಸಕೋಶದ ಕ್ಯಾನ್ಸರೂ ಕಡಿಮೆ ಕಂಡಿತು. ಜಗತ್ತು ಹಿಗ್ಗಿತು. ಆದರೆ ಅದೇ ಮದ್ದನ್ನು ಶ್ವಾಸಕೋಶದ ಕ್ಯಾನ್ಸರ್ ಬಂದವರಿಗೇ ಕೊಟ್ಟು ನೋಡಿದ ಮುಂದಿನ ಪ್ರಯೋಗಗಳು ಸೋತವು. ಬೀಜ ಮೊಳೆಯದಂತೆ ತಡೆಯುವುದು ಬೇರೆ, ಬೆಳೆದ ಮರ ಕಡಿಯುವುದು ಬೇರೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ರಕ್ತದಲ್ಲೇ ಇನ್ನೊಂದು ಸೇತುವೆ ಸಿಕ್ಕಿದೆ. ವಯಸ್ಸಾದಂತೆ ಅಸ್ಥಿಮಜ್ಜೆಯ ಕೆಲವು ಮೂಲಕೋಶಗಳಲ್ಲಿ ಸಣ್ಣ ಬದಲಾವಣೆಗಳಾಗಿ, ಆ ಒಂದೇ ಕೋಶದ ಸಂತತಿ ರಕ್ತದಲ್ಲಿ ಹೆಚ್ಚುತ್ತದೆ. 70 ದಾಟಿದವರಲ್ಲಿ ನೂರಕ್ಕೆ ಹತ್ತು ಜನರಿಗಿಂತ ಹೆಚ್ಚು ಮಂದಿಯಲ್ಲಿ ಇದು ಕಾಣುತ್ತದೆ. ಇಂಥವರಿಗೆ ರಕ್ತದ ಕ್ಯಾನ್ಸರ್ ಅಪಾಯ ಹೆಚ್ಚು ಎಂಬುದು ನಿರೀಕ್ಷಿತವೇ ಆಗಿತ್ತು. ಹೃದಯದ ರಕ್ತನಾಳದ ಕಾಯಿಲೆಯೂ ಸುಮಾರು ಎರಡು ಪಟ್ಟು ಹೆಚ್ಚು ಎಂಬುದು ಸಂಶೋಧಕರನ್ನೇ ಬೆಚ್ಚಿಬೀಳಿಸಿತು. ಬದಲಾದ ಬಿಳಿ ರಕ್ತಕಣಗಳು ಉರಿಯೂತವನ್ನು ಹೆಚ್ಚಿಸುವುದೇ ಇದಕ್ಕೆ ಕಾರಣವೆಂದು ಕಾಣುತ್ತದೆ.

ಹಾಗೆಂದು ಎರಡೂ ಒಂದೇ ರೋಗವಲ್ಲ. ಗರ್ಭಕಂಠದ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ವೈರಸ್. ಕೊಲೆಸ್ಟ್ರಾಲ್ ಇಳಿಸಿದರೆ ಅದು ನಿಲ್ಲುವುದಿಲ್ಲ.

ಹೃದಯಕ್ಕೆ ಕ್ಯಾನ್ಸರ್ ಏಕೆ ಅಪರೂಪ?

ಕ್ಯಾನ್ಸರ್ ಎಂದರೆ ಜೀವಕೋಶ ವಿಭಜನೆ ಹಿಡಿತ ತಪ್ಪುವುದು. ಚರ್ಮ, ಕರುಳು, ರಕ್ತಗಳಲ್ಲಿ ಕೋಶಗಳು ದಿನವೂ ಒಡೆದು ಹೊಸದಾಗುತ್ತವೆ, ತಪ್ಪಾಗುವ ಅವಕಾಶವೂ ದಿನವೂ ಇರುತ್ತದೆ. ಹೃದಯದ ಸ್ನಾಯುಕೋಶಗಳು ಹಾಗಲ್ಲ. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಕೋಶಗಳು ಮಾತ್ರ ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇ 0.45ಕ್ಕೆ ಇಳಿಯುತ್ತದೆ. ಒಡೆಯದ ಕೋಶಕ್ಕೆ ಕ್ಯಾನ್ಸರ್ ಆಗುವುದು ಕಷ್ಟ. ಬೇರೆ ಅಂಗದ ಕ್ಯಾನ್ಸರ್ ಹೃದಯಕ್ಕೆ ಹರಡುವುದುಂಟು. ಹೃದಯದಲ್ಲೇ ಹುಟ್ಟುವುದು ಬಲು ಅಪರೂಪ.

ಆದರೆ ಇದೇ ಗುಣಕ್ಕೆ ಇನ್ನೊಂದು ಮುಖವಿದೆ. ಒಡೆಯದ ಕೋಶ ಸತ್ತರೆ ಅದರ ಜಾಗಕ್ಕೆ ಬರುವವರಿಲ್ಲ. ಕೀಮೋದಿಂದ ಉದುರಿದ ಕೂದಲು ಮರಳಿ ಬರುತ್ತದೆ, ಸುಟ್ಟ ಬಾಯಿ ಮಾಯುತ್ತದೆ. ಅದೇ ಔಷಧಿ ಕೊಂದ ಹೃದಯದ ಕೋಶ ಮರಳುವುದಿಲ್ಲ. ಕ್ಯಾನ್ಸರಿನಿಂದ ಹೃದಯವನ್ನು ಕಾಯುವ ಗುಣವೇ ಕ್ಯಾನ್ಸರ್ ಔಷಧಿಯ ಮುಂದೆ ಅದನ್ನು ನಿಸ್ಸಹಾಯಕವಾಗಿಸುತ್ತದೆ. ಹೃದಯಕ್ಕೆ ಕ್ಯಾನ್ಸರ್ ಬರುವುದಿಲ್ಲವಾದ್ದರಿಂದ ಸಂಬಂಧವಿಲ್ಲ ಎನ್ನುವವರು ಕಾಣದಿರುವುದು ಇದನ್ನೇ.

ಕೆಂಪು ಸಲೈನಿನ ಲೆಕ್ಕ

ಸ್ತನ ಕ್ಯಾನ್ಸರ್, ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಮಕ್ಕಳ ಕೆಲವು ಕ್ಯಾನ್ಸರ್‌ಗಳಲ್ಲಿ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಅದು ಡಿಎನ್‌ಎಯ ಗಂಟು ಬಿಡಿಸುವ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ಒಂದು ರೂಪ ವೇಗವಾಗಿ ಒಡೆಯುವ ಕ್ಯಾನ್ಸರ್ ಕೋಶಗಳಲ್ಲಿ ತುಂಬಿರುತ್ತದೆ, ಆದ್ದರಿಂದ ಔಷಧಿ ಕೆಲಸ ಮಾಡುತ್ತದೆ. ದುರದೃಷ್ಟಕ್ಕೆ ಅದರ ಸೋದರ ರೂಪ ಹೃದಯದ ಕೋಶಗಳಲ್ಲಿದೆ. ಔಷಧಿಗೆ ಎರಡರ ನಡುವೆ ಭೇದ ತಿಳಿಯದು.

ಹಾಗಾದರೆ ಹೆದರಬೇಕೇ? ಇಲ್ಲಿ ಅಂಕಿಗಳನ್ನು ತಾಳ್ಮೆಯಿಂದ ನೋಡಬೇಕು. ಪೆಟ್ಟು ಬೀಳುವುದು ಒಟ್ಟು ಪ್ರಮಾಣದ ಮೇಲೆ. ದೇಹದ ಹೊರಮೈಯ ಪ್ರತಿ ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅದನ್ನು ಎಣಿಸುತ್ತಾರೆ. 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಒಟ್ಟು 400 ಮಿಲಿಗ್ರಾಂ ತಲುಪಿದಾಗ ನೂರಕ್ಕೆ 5 ಜನರಲ್ಲಿ, 550ಕ್ಕೆ 26 ಜನರಲ್ಲಿ, 700ಕ್ಕೆ 48 ಜನರಲ್ಲಿ ಹೃದಯ ವೈಫಲ್ಯ, ಅಂದರೆ ಹೃದಯ ರಕ್ತವನ್ನು ಸಾಕಷ್ಟು ದೂಡಲಾರದ ಸ್ಥಿತಿ, ಕಾಣಿಸಿಕೊಂಡಿತು. ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕೊಡುವುದು ಒಂದು ಸಲಕ್ಕೆ 60ರಂತೆ ನಾಲ್ಕು ಸಲ, ಅಂದರೆ 240. ಕಡಿದಾದ ಏರು ಶುರುವಾಗುವ ಜಾಗಕ್ಕಿಂತ ಬಹಳ ಕೆಳಗೆ. ಕ್ಯಾನ್ಸರನ್ನು ಹಾಗೇ ಬಿಟ್ಟರೆ ಆಗುವ ಸಾವಿನ ಜೊತೆ ಇದನ್ನು ತೂಗಿದರೆ ಔಷಧಿಯನ್ನು ನಿರಾಕರಿಸಲು ಕಾರಣವೇ ಸಿಗುವುದಿಲ್ಲ.

ಆದರೆ ಈ ಸರಾಸರಿಯ ಒಳಗೆ ಎಲ್ಲರೂ ಒಂದೇ ಅಲ್ಲ. 65 ದಾಟಿದವರು, ಬಿಪಿ ಇದ್ದವರು, ಮೊದಲೇ ಹೃದಯ ದುರ್ಬಲವಾಗಿರುವವರು, ಎದೆಗೆ ವಿಕಿರಣ ಪಡೆದವರು, ಬಾಲ್ಯದಲ್ಲಿ ಇದೇ ಔಷಧಿ ಪಡೆದವರು ಕಡಿಮೆ ಪ್ರಮಾಣಕ್ಕೇ ತೊಂದರೆಗೆ ಸಿಲುಕಬಹುದು. ಅವರನ್ನು ಮೊದಲೇ ಗುರುತಿಸುವ ಸಾಧನ ಎಕೋ, ಅಂದರೆ ಹೃದಯದ ಸ್ಕ್ಯಾನ್. ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆ ಎಂದು ಅದು ಅಳೆಯುತ್ತದೆ. ವರದಿಯಲ್ಲಿ ಇ.ಎಫ್. ಎಂದು ಬರೆದಿರುವ ಅಂಕಿ ಅದೇ. ಕೀಮೋಗೆ ಮುಂಚೆ 62 ಇದ್ದದ್ದು ಆಮೇಲೆ 48ಕ್ಕೆ ಬಂದರೆ ಎಚ್ಚರಗೊಳ್ಳಬೇಕು. ಮುಂಚಿನ ಅಂಕಿಯೇ ಇಲ್ಲದಿದ್ದರೆ 48 ಔಷಧಿಯಿಂದ ಬಂತೋ, ಹಳೆಯ ಬಿಪಿಯಿಂದ ಬಂತೋ ಯಾರೂ ಹೇಳಲಾರರು.

ಬೇಗ ಕಂಡುಹಿಡಿದರೆ ಲಾಭವಿದೆಯೇ ಎಂಬುದಕ್ಕೆ ಇಟಲಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಡುತ್ತದೆ. ಈ ಗುಂಪಿನ ಔಷಧಿ ಪಡೆದ 2,625 ರೋಗಿಗಳನ್ನು ನಿಯಮಿತವಾಗಿ ಎಕೋ ಮಾಡಿ ನೋಡಿದರು. ಶೇ 9ರಷ್ಟು ಜನರಲ್ಲಿ ಹೃದಯದ ಶಕ್ತಿ ಕುಸಿಯಿತು, ಹೆಚ್ಚುಕಡಿಮೆ ಎಲ್ಲರಲ್ಲೂ ಮೊದಲ ವರ್ಷದೊಳಗೇ. ಕುಸಿತ ಕಂಡ ಕೂಡಲೇ ಹೃದಯದ ಮಾತ್ರೆಗಳನ್ನು ಆರಂಭಿಸಿದ್ದರಿಂದ ಅವರಲ್ಲಿ ಶೇ 82ರಷ್ಟು ಜನ ಪೂರ್ತಿಯಾಗಿ ಅಥವಾ ಭಾಗಶಃ ಚೇತರಿಸಿಕೊಂಡರು. ಪೂರ್ತಿ ಚೇತರಿಸಿಕೊಂಡವರು ಶೇ 11 ಮಾತ್ರ ಎಂಬುದನ್ನೂ ಮರೆಯಬಾರದು. ಸತ್ತ ಕೋಶಗಳು ಮರಳುವುದಿಲ್ಲ, ಉಳಿದವುಗಳ ಹೊರೆಯನ್ನು ಮಾತ್ರೆಗಳು ಇಳಿಸುತ್ತವೆ. ಮಾತ್ರೆಗಳೋ ಬಿಪಿಗೆ ಕೊಡುವ ಹಳೆಯ, ಅಗ್ಗದ ಮಾತ್ರೆಗಳೇ.

ಉಳಿದ ಚಿಕಿತ್ಸೆಗಳ ಕಥೆ

ಸ್ತನ ಕ್ಯಾನ್ಸರಿನ ಒಂದು ಬಗೆಗೆ ವರದಾನವಾದ ಟ್ರಾಸ್ಟುಜುಮಾಬ್ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಡಾಕ್ಸೊರುಬಿಸಿನ್ ಗುಂಪಿನ ಔಷಧಿಯ ಜೊತೆಯಲ್ಲೇ ಕೊಟ್ಟಾಗ ನೂರಕ್ಕೆ 27 ಜನರಲ್ಲಿ ಹೃದಯ ತೊಂದರೆ ಕಂಡದ್ದರಿಂದ, ಈಗ ಎರಡನ್ನೂ ಒಟ್ಟಿಗೆ ಕೊಡುವುದನ್ನು ತಪ್ಪಿಸಿ ಒಂದಾದ ಮೇಲೆ ಒಂದನ್ನು ಕೊಡುತ್ತಾರೆ. ಇದರ ಪೆಟ್ಟು ಬಹುಪಾಲು ತಾತ್ಕಾಲಿಕ. ಔಷಧಿ ನಿಲ್ಲಿಸಿದರೆ ಹೃದಯ ಸಾಮಾನ್ಯವಾಗಿ ಸುಧಾರಿಸುತ್ತದೆ, ಅದಕ್ಕಾಗಿಯೇ ಮೂರು ತಿಂಗಳಿಗೊಮ್ಮೆ ಎಕೋ.

ಹಲವು ರೋಗಿಗಳು ಕರೆಂಟು ಎಂದು ಕರೆಯುವ ವಿಕಿರಣ ಚಿಕಿತ್ಸೆಯಲ್ಲಿ ಎಡ ಸ್ತನದ ಕ್ಯಾನ್ಸರ್ ಸೂಕ್ಷ್ಮ ವಿಷಯ, ಹೃದಯ ಅದರ ಹಿಂದೆಯೇ ಇದೆ. ಸ್ವೀಡನ್ ಮತ್ತು ಡೆನ್ಮಾರ್ಕಿನ ಮಹಿಳೆಯರ ಬಗ್ಗೆ 2013ರಲ್ಲಿ ಬಂದ ಅಧ್ಯಯನ, ಹೃದಯಕ್ಕೆ ತಗಲುವ ಪ್ರತಿ ಒಂದು ಗ್ರೇ (ವಿಕಿರಣ ಅಳೆಯುವ ಮಾನ) ವಿಕಿರಣಕ್ಕೆ ಹೃದಯಾಘಾತದಂತಹ ಘಟನೆಗಳ ಅಪಾಯ ಶೇ 7.4ರಷ್ಟು ಏರುತ್ತದೆ ಎಂದಿತು. ಈ ಅಂಕಿ ಓದಿ ಗಾಬರಿಯಾಗುವ ಮೊದಲು ಒಂದು ಗುಣಾಕಾರ ಮಾಡಬೇಕು. ಮೊದಲು ನೂರಕ್ಕೆ 2ರಷ್ಟು ಅಪಾಯವಿದ್ದ ಮಹಿಳೆಗೆ ಒಂದು ಗ್ರೇಯಿಂದ ಅದು 2.15 ಆಗುತ್ತದೆ. ಮೊದಲೇ 20 ಇದ್ದವರಿಗೆ 21.5 ಆಗುತ್ತದೆ. ವಿಕಿರಣ ಒಂದೇ, ಪರಿಣಾಮ ಹತ್ತು ಪಟ್ಟು ಬೇರೆ. ಅಂದರೆ ವಿಕಿರಣಕ್ಕೆ ಹೊರಟವರ ಬಿಪಿ, ಶುಗರ್ ಹತೋಟಿಗೆ ತರುವುದೇ ಹೃದಯಕ್ಕೆ ಅರ್ಧ ರಕ್ಷಣೆ. ಆಳವಾಗಿ ಉಸಿರೆಳೆದು ಹಿಡಿದುಕೊಂಡಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ, ಆ ಕ್ಷಣಗಳಲ್ಲಿ ಮಾತ್ರ ವಿಕಿರಣ ಹಾಯಿಸುವ ವಿಧಾನವೂ ಈಗ ಬಳಕೆಯಲ್ಲಿದೆ.

ಮನೆಯಲ್ಲೇ ನುಂಗುವ ಕ್ಯಾಪೆಸಿಟಬಿನ್ ಮಾತ್ರೆಯ ವಿಷಯ ಹೆಚ್ಚು ಜನರಿಗೆ ಗೊತ್ತಿಲ್ಲ. ಕರುಳಿನ ಮತ್ತು ಸ್ತನದ ಕ್ಯಾನ್ಸರಿಗೆ ಕೊಡುವ ಈ ಮಾತ್ರೆ ಕೆಲವರಲ್ಲಿ ಹೃದಯದ ರಕ್ತನಾಳ ಹಠಾತ್ತನೆ ಬಿಗಿದುಕೊಳ್ಳುವಂತೆ ಮಾಡುತ್ತದೆ. ಮಾತ್ರೆ ನುಂಗುವ ದಿನಗಳಲ್ಲಿ ಎದೆ ನೋವು ಬಂದರೆ ಅದನ್ನು ಗ್ಯಾಸ್ ಎಂದು ಓಮಕಾಳು ಅಗಿದು ಸುಮ್ಮನಾಗುವುದು ಪ್ರಾಣಕ್ಕೆ ಎರವಾಗಬಹುದು. ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಿರುಗುಮುರುಗು: ಹೃದ್ರೋಗದಿಂದ ಕ್ಯಾನ್ಸರ್?

ಈ ದಿಕ್ಕಿನಲ್ಲಿ ವಿಜ್ಞಾನ ಇನ್ನೂ ನಡುದಾರಿಯಲ್ಲಿದೆ. ಹೃದಯ ವೈಫಲ್ಯವಿರುವ ಇಲಿಗಳಲ್ಲಿ ಕರುಳಿನ ಗಡ್ಡೆಗಳು ವೇಗವಾಗಿ ಬೆಳೆದದ್ದನ್ನು 2018ರಲ್ಲಿ, ಹೃದಯಾಘಾತವಾದ ಇಲಿಗಳಲ್ಲಿ ಸ್ತನದ ಗಡ್ಡೆ ವೇಗವಾಗಿ ಬೆಳೆದದ್ದನ್ನು 2020ರಲ್ಲಿ ತೋರಿಸಲಾಯಿತು. ಮನುಷ್ಯರಲ್ಲಿ ಚಿತ್ರ ಮಸುಕಾಗಿದೆ. ಕೆಲವು ಅಧ್ಯಯನಗಳು ಹೃದಯ ವೈಫಲ್ಯದವರಲ್ಲಿ ಕ್ಯಾನ್ಸರ್ ಹೆಚ್ಚು ಎಂದರೆ, ಇನ್ನು ಕೆಲವು ಹಾಗೇನಿಲ್ಲ ಎನ್ನುತ್ತವೆ. ಹೃದ್ರೋಗಿಗೆ ಪರೀಕ್ಷೆಗಳೇ ಹೆಚ್ಚು ನಡೆಯುವುದರಿಂದ ಕ್ಯಾನ್ಸರ್ ಹೆಚ್ಚು ಸಿಕ್ಕಿಬೀಳುತ್ತದೆ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಇಲಿಯ ಫಲಿತಾಂಶವನ್ನು ಹೃದ್ರೋಗಿಯ ಹಣೆಬರಹ ಎಂದು ಹಂಚುವುದು ತಪ್ಪು.

ಬಿಪಿ ಮಾತ್ರೆಯ ಸುದ್ದಿಗೆ ಮೂಲ 2018. ವಾಲ್ಸಾರ್ಟನ್ ಎಂಬ ಮಾತ್ರೆಯ ಕೆಲವು ತಯಾರಿಕೆಗಳಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶ ಪತ್ತೆಯಾಗಿ ಹಲವು ದೇಶಗಳು ಅವನ್ನು ಹಿಂದಕ್ಕೆ ಪಡೆದವು. ದೋಷವಿದ್ದದ್ದು ತಯಾರಿಕೆಯಲ್ಲಿ, ಔಷಧಿಯ ಗುಣದಲ್ಲಲ್ಲ. ಅಮೆರಿಕದ ಔಷಧ ನಿಯಂತ್ರಕರ ಅಂದಾಜಿನಂತೆ ಕಲ್ಮಶವಿದ್ದ ಮಾತ್ರೆಯನ್ನು ಗರಿಷ್ಠ ಪ್ರಮಾಣದಲ್ಲಿ 8,000 ಜನ ನಾಲ್ಕು ವರ್ಷ ದಿನವೂ ನುಂಗಿದರೆ ಅವರ ಜೀವಿತಾವಧಿಯಲ್ಲಿ ಹೆಚ್ಚುವರಿಯಾಗಿ ಒಂದು ಕ್ಯಾನ್ಸರ್ ಬರಬಹುದು. ಅಷ್ಟೇ ಜನ ಬಿಪಿ ಮಾತ್ರೆ ಬಿಟ್ಟರೆ ಪಾರ್ಶ್ವವಾಯುವಿಗೆ ತುತ್ತಾಗುವವರನ್ನು ಎಣಿಸಲು ಒಂದು ಕೈಯ ಬೆರಳು ಸಾಲುವುದಿಲ್ಲ.

ಕ್ಯಾನ್ಸರೇ ಹೃದಯಾಘಾತದ ವೇಷದಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಉಂಟು. ಕ್ಯಾನ್ಸರ್ ಇರುವ ದೇಹದಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಇದನ್ನು 1865ರಲ್ಲೇ ವಿವರಿಸಿದ ಫ್ರೆಂಚ್ ವೈದ್ಯ ಅರ್ಮಾಂಡ್ ಟ್ರೂಸೋ, ಎರಡು ವರ್ಷಗಳ ನಂತರ ತನ್ನದೇ ದೇಹದಲ್ಲಿ ಅಂಥ ಹೆಪ್ಪನ್ನು ಕಂಡು ತನಗೂ ಕ್ಯಾನ್ಸರ್ ಇದೆಯೆಂದು ಅರಿತು ಅದರಿಂದಲೇ ತೀರಿಕೊಂಡ. ಹಾಗೆಯೇ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ, ಮಾತ್ರೆಯ ಮೇಲೆ ತಪ್ಪು ಹೊರಿಸಿ ಬಿಡಬಾರದು. ಒಳಗೆ ಅಡಗಿದ್ದ ಗಡ್ಡೆಯನ್ನು ಆ ಮಾತ್ರೆ ಬಯಲಿಗೆ ತಂದಿರಬಹುದು.

ವೈದ್ಯರೊಳಗೇ ಇರುವ ವಾದ

ಕ್ಯಾನ್ಸರ್ ತಜ್ಞರ ನಿಲುವು: ಮೊದಲು ಬೆಂಕಿ ಆರಿಸಬೇಕು. ಹೃದಯದ ಪರೀಕ್ಷೆಗಾಗಿ ಮೂರು ವಾರ ಕಾಯಿಸಿದರೆ ಗಡ್ಡೆ ಕಾಯುವುದಿಲ್ಲ. ಹೃದ್ರೋಗ ತಜ್ಞರ ನಿಲುವು: ಮೊದಲ ಎಕೋ ಇಲ್ಲದೆ ಕೆಂಪು ಸಲೈನ್ ಶುರುವಾಗಬಾರದು. ಯುರೋಪಿನ 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಸಾರ್ವಜನಿಕ ಆರೋಗ್ಯದವರ ಪ್ರಶ್ನೆ: ಎಕೋ ಯಂತ್ರ ಕೊಂಡುಕೊಳ್ಳಬಹುದು, ಅದನ್ನು ಓದುವವರನ್ನು ಪ್ರತಿ ಜಿಲ್ಲೆಗೂ ಎಲ್ಲಿಂದ ತರುವುದು? ಹೃದಯವನ್ನು ಮೊದಲೇ ಕಾಪಾಡುವ ಮಾತ್ರೆಗಳ ಬಗ್ಗೆಯೂ ಒಮ್ಮತವಿಲ್ಲ. ಲಿಂಫೋಮಾ ರೋಗಿಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಪಡೆದವರ ಪೈಕಿ ಶೇ 9, ಪಡೆಯದವರ ಪೈಕಿ ಶೇ 22 ಜನರಲ್ಲಿ ಹೃದಯ ದುರ್ಬಲವಾಗಿತ್ತು; ಇನ್ನೊಂದು ಪ್ರಯೋಗದಲ್ಲಿ ಅಂಥ ಲಾಭ ಕಾಣಲಿಲ್ಲ.

ನನಗೆ ಎಕೋ ಓದುವವರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಭಾರವಾಗಿ ಕಾಣುತ್ತದೆ, ಉತ್ತರವೂ ಅದರೊಳಗೇ ಇದೆ. ಎಲ್ಲರಿಗೂ ಎಲ್ಲ ಪರೀಕ್ಷೆ ಸಾಧ್ಯವಿಲ್ಲದ ಕಡೆ ವಿಂಗಡಣೆ ಬೇಕು. ವಯಸ್ಸು, ಬಿಪಿ, ಶುಗರ್, ಹಿಂದಿನ ಹೃದ್ರೋಗ, ಒಂದು ಇಸಿಜಿ: ನರ್ಸ್ ಒಬ್ಬರು ಹದಿನೈದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸ. ಅಪಾಯದ ಗುರುತು ಇದ್ದವರ ಎಕೋ ಆ ವಾರದಲ್ಲೇ ಆಗಬೇಕು. ಕೆಂಪು ಸಲೈನ್ ಮತ್ತು ಟ್ರಾಸ್ಟುಜುಮಾಬ್ ಪಡೆಯುವವರೆಲ್ಲರಿಗೂ ಆಗಬೇಕು. ಉಳಿದವರ ಚಿಕಿತ್ಸೆ ಒಂದು ದಿನವೂ ನಿಲ್ಲಬೇಕಿಲ್ಲ.

ಕೀಮೋ ಜಿಲ್ಲೆಗೆ ಬಂದಾಗ

ಕೀಮೋ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಇಳಿಯುವುದು ಒಳ್ಳೆಯದೇ. ಬಸ್ ಖರ್ಚು, ಕೂಲಿ ನಷ್ಟ, ಜೊತೆಗಾರರ ಊಟ, ಲಾಡ್ಜ್ ಬಾಡಿಗೆಗಳ ಭಾರಕ್ಕೆ ಅರ್ಧದಲ್ಲೇ ಕೀಮೋ ಬಿಟ್ಟವರಿಗೆ ಇದು ಬದುಕು. ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ತೆರೆಯುವುದಾಗಿ ಕೇಂದ್ರದ 2025–26ರ ಬಜೆಟ್ ಹೇಳಿದೆ. ಔಷಧಿ ಹತ್ತಿರ ಬಂದು, ಹೃದಯ ನೋಡುವವರು ದೂರವೇ ಉಳಿದರೆ ಮಾತ್ರ ಹೊಸ ಅಂತರ ಹುಟ್ಟುತ್ತದೆ.

ಅದನ್ನು ಮುಚ್ಚುವ ಸಾಮಗ್ರಿ ರಾಜ್ಯದಲ್ಲಿ ಈಗಾಗಲೇ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ಓದುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದೇ ತಂತಿಯಲ್ಲಿ ಕೀಮೋ ಕೇಂದ್ರದ ಇಸಿಜಿಗಳೂ ಹೋಗಬಹುದು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಬಾಗಿಲಿಗೆ ಬರುವ ಸಿಬ್ಬಂದಿ ಬಿಪಿ, ಶುಗರ್ ಜೊತೆಗೇ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಸೇರಿಸಿಕೊಂಡಿದ್ದಾರೆ. ಎರಡು ರೋಗಗಳು ಒಂದೇ ಹಾಳೆಯ ಮೇಲೆ ಬಂದ ಅಪರೂಪದ ಉದಾಹರಣೆ ಅದು.

ಹೆಪ್ಪು ಕರಗಿಸುವ ಆ ಚುಚ್ಚುಮದ್ದಿನ ವಿಷಯದಲ್ಲೇ ಒಂದು ಸೂಕ್ಷ್ಮವಿದೆ. ಮೆದುಳಿಗೆ ಕ್ಯಾನ್ಸರ್ ಹರಡಿರುವವರಿಗೆ ಅದನ್ನು ಕೊಡುವಂತಿಲ್ಲ, ಕೀಮೋದಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಕುಸಿದಿರುವವರಿಗೆ ಕೊಟ್ಟರೆ ರಕ್ತಸ್ರಾವವಾಗಬಹುದು. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡು ಬಂದ ರೋಗಿಯ ಮುಂದೆ ನಿಂತಿರುವ ಶಿರಹಟ್ಟಿಯ ಅಥವಾ ಬ್ಯಾಡಗಿಯ ವೈದ್ಯರಿಗೆ ಇದು ತಿಳಿಯುವುದು ರೋಗಿಯ ಕೈಯಲ್ಲಿರುವ ಕಾಗದದಿಂದ ಮಾತ್ರ. ಕೀಮೋ ಮುಗಿಸಿ ಹೊರಡುವಾಗ ಆ ಕಾಗದದಲ್ಲಿ ಯಾವ ಕ್ಯಾನ್ಸರ್, ಎಲ್ಲಿಯವರೆಗೆ ಹರಡಿದೆ, ಯಾವ ಔಷಧಿ, ಒಟ್ಟು ಎಷ್ಟು ಮಿಲಿಗ್ರಾಂ, ಎದೆಯ ಯಾವ ಭಾಗಕ್ಕೆ ವಿಕಿರಣ, ಕೊನೆಯ ಇ.ಎಫ್. ಎಷ್ಟು ಎಂಬ ಆರು ಸಾಲುಗಳನ್ನು ಬರೆಸಿಕೊಳ್ಳಬೇಕು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮನೆಯಲ್ಲಿ ಇನ್ನೊಬ್ಬರಿಗೂ ಅದರ ಜಾಗ ತೋರಿಸಿರಬೇಕು. ಹತ್ತು ವರ್ಷಗಳ ನಂತರ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ವೈದ್ಯರು ಮೊದಲು ಕೇಳುವುದು ಅದನ್ನೇ.